ಹವಾಮಾನ ಬದಲಾವಣೆ: ಯಾವ ಮಾತು ನಂಬಬೇಕು, ಯಾವುದು ಬಿಡಬೇಕು? ಮೂಲ ಹುಡುಕುವ ಬಗೆ

ಹವಾಮಾನ ಬದಲಾವಣೆ ಬಗ್ಗೆ ಏನೇ ಬರೆದರೂ ಕೊನೆಗೆ ಬರುವ ಪ್ರಶ್ನೆ ಒಂದೇ. ‘ಒಬ್ಬರು ಹೀಗಂತಾರೆ, ಇನ್ನೊಬ್ಬರು ಹಾಗಂತಾರೆ. ನಾವು ಯಾರನ್ನು ನಂಬೋದು?’ ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಅಡಿಕೆ ಬೆಳೆಗಾರರಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ. ಒಬ್ಬೊಬ್ಬರಿಗೂ ತುಂಡು ತುಂಡು ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನದಿ ಮೂಲ, ಋಷಿ ಮೂಲ ಹುಡುಕಬಾರದು ಅಂತಾರೆ. ಅಂಕಿಯ ಮೂಲ ಮಾತ್ರ ಹುಡುಕಲೇಬೇಕು. ಯಾರನ್ನು ನಂಬಲಿ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ‘ಈ ಅಂಕಿ ಎಲ್ಲಿ ಹುಟ್ಟಿತು, ಬೇರೆಯವರು ಅಳೆದಾಗಲೂ ಅದೇ ಬಂತಾ’ ಅಂತ ಕೇಳಿ. ಅರ್ಧ ಗಲಾಟೆ ಅಲ್ಲೇ ಮುಗಿಯುತ್ತದೆ. ಈ ಲೇಖನ ಪೂರ್ತಿ ಆ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಇದಕ್ಕೆ ಬೇಕಾಗುವುದು ಇಷ್ಟೇ: ಇಂಟರ್‌ನೆಟ್ ಇರುವ ಫೋನ್, ಒಂದು ಹಾಳೆ, ಪೆನ್ನು, ಅರ್ಧ ಗಂಟೆ ಬಿಡುವು. ವಿಜ್ಞಾನದ ಡಿಗ್ರಿ ಬೇಕಿಲ್ಲ. ಸರಾಸರಿ, ಶೇಕಡಾ ಗೊತ್ತಿದ್ದರೆ ಸಾಕು. ಮೂಲ ದಾಖಲೆಗಳು ಬಹುತೇಕ ಇಂಗ್ಲಿಷ್‌ನಲ್ಲೇ ಇರುತ್ತವೆ, ಅದೊಂದು ತೊಡಕು ನಿಜ. ಆದರೆ ನಿಮಗೆ ಬೇಕಾಗಿರುವುದು ಸಾಮಾನ್ಯವಾಗಿ ಒಂದು ಪ್ಯಾರಾ, ಒಂದು ಗ್ರಾಫ್ ಅಷ್ಟೇ.

1. ಹೇಳಿಕೆಯನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ

ಹತ್ತು ನಿಮಿಷದ ವಿಡಿಯೊ ನೋಡಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಒಂದೋ ಭಯ, ಇಲ್ಲಾ ಸಿಟ್ಟು. ಅದನ್ನು ಇಟ್ಟುಕೊಂಡು ಏನೂ ಪರೀಕ್ಷಿಸಲು ಆಗುವುದಿಲ್ಲ. ಆ ವಿಡಿಯೊದ ಮುಖ್ಯ ಮಾತು ಯಾವುದು ಅಂತ ನೋಡಿ, ಅಂಕಿ ಇದ್ದರೆ ಅಂಕಿ ಸಮೇತ ಹಾಳೆಯಲ್ಲಿ ಬರೆಯಿರಿ. ಆಮೇಲೆ ಅದು ಯಾವ ಜಾತಿಯ ಮಾತು ಅಂತ ಗುರುತು ಹಾಕಿ.

‘2024ರಲ್ಲಿ ಭಾರತದ ತಾಪಮಾನ ದಾಖಲೆ ಮಟ್ಟಕ್ಕೆ ಏರಿತು’ ಅನ್ನುವುದು ಅಳತೆಯ ಮಾತು. ‘ಕಲ್ಲಿದ್ದಲು, ಪೆಟ್ರೋಲು ಸುಡುವುದರಿಂದಲೇ ಬಿಸಿ ಏರುತ್ತಿದೆ’ ಅನ್ನುವುದು ಕಾರಣದ ಮಾತು. ‘2100ರ ಹೊತ್ತಿಗೆ ಸಮುದ್ರ ಇಷ್ಟು ಏರುತ್ತದೆ’ ಅನ್ನುವುದು ಮುನ್ನೋಟ. ‘ಆದ್ದರಿಂದ ಡೀಸೆಲ್ ಗಾಡಿ ನಿಲ್ಲಿಸಬೇಕು’ ಅನ್ನುವುದು ಏನು ಮಾಡಬೇಕು ಅನ್ನುವ ಮಾತು.

ಈ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಳತೆ ಸರಿಯೋ ತಪ್ಪೋ ಅಂತ ಅಳೆದವರ ಹತ್ತಿರವೇ ನೋಡಬಹುದು. ಕಾರಣ ಅನ್ನುವುದು ಹತ್ತಾರು ವರ್ಷಗಳ ಕೆಲಸದಿಂದ ಗಟ್ಟಿಯಾಗುವಂಥದ್ದು, ಒಂದು ಸಂಶೋಧನಾ ಪೇಪರಿನಿಂದ ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ. ಮುನ್ನೋಟದಲ್ಲಿ ಯಾವಾಗಲೂ ಒಂದು ‘ಹೀಗಾದರೆ’ ಇರುತ್ತದೆ. ಕೊನೆಯದರಲ್ಲಿ ವಿಜ್ಞಾನದ ಜೊತೆ ದುಡ್ಡು, ನ್ಯಾಯ, ರಾಜಕೀಯ ಎಲ್ಲ ಸೇರಿರುತ್ತದೆ. ಅಲ್ಲಿ ಇಬ್ಬರು ಒಳ್ಳೆಯ ವಿಜ್ಞಾನಿಗಳೇ ಬೇರೆ ಬೇರೆ ಹೇಳಬಹುದು.

ಎಚ್ಚರ: ಹೊಗೆ ಬಿಡುವುದಕ್ಕೆ ಹಾಕುವ ಕಾರ್ಬನ್ ತೆರಿಗೆ ಬೇಡ ಅನ್ನುವವರು ಥರ್ಮಾಮೀಟರೇ ಸುಳ್ಳು ಅನ್ನಲು ಶುರು ಮಾಡುವುದು ತುಂಬಾ ಸಾಮಾನ್ಯ. ತೆರಿಗೆ ಬೇಡ ಅನ್ನುವ ಹಕ್ಕು ಅವರಿಗೆ ಖಂಡಿತ ಇದೆ. ಥರ್ಮಾಮೀಟರಿನ ತಪ್ಪನ್ನು ಮಾತ್ರ ಬೇರೆಯಾಗಿ ತೋರಿಸಬೇಕಾಗುತ್ತದೆ.

2. ಅಂಕಿ ಹುಟ್ಟಿದ ಜಾಗಕ್ಕೆ ಹೋಗಿ

ಇದೇ ಮುಖ್ಯ ಹಂತ. ಒಂದು ನಿಜವಾದ ಉದಾಹರಣೆ ಹಿಡಿದು ನಡೆಯೋಣ.

2021ರ ಆಗಸ್ಟ್‌ನಲ್ಲಿ ‘ಶತಮಾನದ ಕೊನೆಗೆ ಮಂಗಳೂರು ಸೇರಿ ದೇಶದ 12 ನಗರಗಳು ಮೂರು ಅಡಿ ನೀರಿನಲ್ಲಿ ಮುಳುಗಲಿವೆ’ ಅನ್ನುವ ಅರ್ಥದ ಸುದ್ದಿ ಎಲ್ಲ ಕಡೆ ಹರಿದಾಡಿತು. ಈಗಲೂ ಮಳೆಗಾಲದಲ್ಲಿ ಒಮ್ಮೆ ಮೇಲೆದ್ದು ಬರುತ್ತದೆ. ಸುದ್ದಿಯಲ್ಲಿ ‘ನಾಸಾ ಹೇಳಿದೆ’ ಅಂತ ಇತ್ತು. ಸರಿ, ನಾಸಾ ಎಲ್ಲಿ ಹೇಳಿದೆ ಅಂತ ಹುಡುಕಿದರೆ ಸಿಗುವುದು ಹೇಳಿಕೆಯೂ ಅಲ್ಲ, ವರದಿಯೂ ಅಲ್ಲ. ಸಮುದ್ರ ಮಟ್ಟದ ಮುನ್ನೋಟ ತೋರಿಸುವ ಒಂದು ನಕ್ಷೆಯ ಪುಟ. ಅದೇ ತಿಂಗಳು ಬಂದ ಐಪಿಸಿಸಿ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ) ವರದಿಯ ಲೆಕ್ಕಗಳನ್ನು ಜನ ತಾವೇ ನೋಡಲಿ ಅಂತ ನಾಸಾ ನಕ್ಷೆಗೆ ಹಾಕಿತ್ತು.

ನಕ್ಷೆ ತೆರೆದರೆ ಕರಾವಳಿ ಉದ್ದಕ್ಕೂ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಸಮುದ್ರದ ನೀರಿನ ಮಟ್ಟ ಅಳೆಯುವ ಕೇಂದ್ರ, ಹೆಚ್ಚಿನವು ಬಂದರುಗಳಲ್ಲಿ. ಆ 12 ಊರುಗಳು ಪಟ್ಟಿಗೆ ಬಂದಿದ್ದು ಅಲ್ಲಿ ಅಳತೆ ಕೇಂದ್ರ ಇದೆ ಅನ್ನುವ ಕಾರಣಕ್ಕೆ. ‘ಅತಿ ಹೆಚ್ಚು ಅಪಾಯ ಇರುವ 12 ನಗರ’ ಅಂತ ನಾಸಾ ಆರಿಸಿ ಕೊಟ್ಟಿರಲಿಲ್ಲ. ಮಲ್ಪೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಮಲ್ಪೆ ಕ್ಷೇಮ ಅಂತಲೂ ಅಲ್ಲ. ಇನ್ನು ಮೂರು ಅಡಿಗೆ ಹತ್ತಿರದ ಅಂಕಿ ಗುಜರಾತಿನ ಭಾವನಗರದ್ದು. ಮಂಗಳೂರಿನದು ಅದೇ ಪಟ್ಟಿಯಲ್ಲಿ ಎರಡು ಅಡಿಗಿಂತ ಕಡಿಮೆ. ಮತ್ತೆ, ಅದು ಸಮುದ್ರದ ಸರಾಸರಿ ಮಟ್ಟ ಎಷ್ಟು ಏರಬಹುದು ಅನ್ನುವ ಲೆಕ್ಕ. ಮಂಗಳೂರಿನ ಹಂಪನಕಟ್ಟೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಅನ್ನುವ ಲೆಕ್ಕ ಬೇರೆಯೇ. ಅದಕ್ಕೆ ನೆಲದ ಎತ್ತರ ಬೇಕು, ಸಮುದ್ರದ ಉಬ್ಬರ ಇಳಿತದ ಲೆಕ್ಕ ಬೇಕು, ತಡೆಗೋಡೆ ಎಲ್ಲಿದೆ ಅಂತ ಬೇಕು. ಕೊನೆಯದಾಗಿ, ಜಗತ್ತು ಮುಂದೆ ಎಷ್ಟು ಹೊಗೆ ಬಿಡುತ್ತದೆ ಅನ್ನುವುದನ್ನು ಆ ಪುಟದಲ್ಲಿ ನಾವೇ ಬದಲಾಯಿಸಿ ನೋಡಬಹುದು. ಒಂದೊಂದಕ್ಕೂ ಒಂದೊಂದು ಅಂಕಿ. ತಲೆಬರಹಕ್ಕೆ ಅದರಲ್ಲಿ ಒಂದೇ ಸಾಕಾಯಿತು.

ಹಾಗಾದರೆ ಸುದ್ದಿ ಸುಳ್ಳಾ? ಸಮುದ್ರ ಏರುತ್ತಿರುವುದು ನಿಜ. ಈಗಾಗಲೇ ದಡ ಕೊರೆತದಲ್ಲಿ ಮನೆ ಕಳೆದುಕೊಳ್ಳುತ್ತಿರುವ ಉಳ್ಳಾಲದ ಕಡೆಯವರಿಗೆ ಎರಡು ಅಡಿ ಅನ್ನುವುದು ಸಣ್ಣ ಮಾತೇನೂ ಅಲ್ಲ. ಆದರೆ ‘ಮುಳುಗುತ್ತದೆ’ ಅನ್ನುವುದು ದಾರಿಯಲ್ಲಿ ಸೇರಿಕೊಂಡಿದ್ದು. ಮೂಲಕ್ಕೆ ಹೋಗದಿದ್ದರೆ ನಾವು ಅದನ್ನು ಪೂರ್ತಿ ನಂಬುತ್ತಿದ್ದೆವು, ಇಲ್ಲವಾದರೆ ಪೂರ್ತಿ ಬಿಸಾಡುತ್ತಿದ್ದೆವು. ಎರಡೂ ನಷ್ಟವೇ ಅಲ್ವಾ?

ಹುಡುಕುವ ರೀತಿ ಸುಲಭ. ಸುದ್ದಿಯಲ್ಲಿ ಸಂಸ್ಥೆಯ ಹೆಸರು, ವರದಿಯ ಹೆಸರು, ವರ್ಷ ಇದೆಯಾ ನೋಡಿ. ಇದ್ದರೆ ಆ ಮೂರನ್ನೂ ಸೇರಿಸಿ ಹುಡುಕಿ ಸಂಸ್ಥೆಯ ಸ್ವಂತ ಪುಟಕ್ಕೆ ಹೋಗಿ. ‘ವಿಜ್ಞಾನಿಗಳು ಹೇಳುತ್ತಾರೆ’ ಅಂತ ಮಾತ್ರ ಇದ್ದು ಯಾವ ವಿಜ್ಞಾನಿ, ಎಲ್ಲಿ, ಯಾವಾಗ ಅಂತ ಇಲ್ಲದಿದ್ದರೆ ಅಲ್ಲಿಗೇ ಬಿಡಿ, ಮುಂದಿನ ಹಂತಕ್ಕೆ ಹೋಗುವ ಶ್ರಮವೂ ಬೇಡ.

ಎಚ್ಚರ: ಹತ್ತು ವೆಬ್‌ಸೈಟುಗಳಲ್ಲಿ ಒಂದೇ ಸುದ್ದಿ ಇದ್ದರೆ ಹತ್ತು ಮೂಲ ಆಯಿತು ಅಂದುಕೊಳ್ಳಬೇಡಿ. ಒಂದೇ ಏಜೆನ್ಸಿ ಕಳಿಸಿದ್ದನ್ನು ಹತ್ತು ಜನ ಹಾಕಿಕೊಂಡಿರುತ್ತಾರೆ.

ಚಿತ್ರಗಳಿಗೂ ಇದೇ ನಿಯಮ. ‘1977ರಲ್ಲಿ ಟೈಮ್ ಪತ್ರಿಕೆ ಹಿಮಯುಗ ಬರುತ್ತದೆ ಅಂದಿತ್ತು, ಈಗ ಬಿಸಿ ಅನ್ನುತ್ತಾರೆ’ ಅಂತ ಪೆಂಗ್ವಿನ್ ಇರುವ ಒಂದು ಮುಖಪುಟ ಸುತ್ತುತ್ತಿರುತ್ತದೆ. ಅದು ನಕಲಿ. 2007ರ ಏಪ್ರಿಲ್ ಸಂಚಿಕೆಯ ಮುಖಪುಟ ತಾಪಮಾನ ಏರಿಕೆಯ ಬಗ್ಗೆ ಇತ್ತು, ಅದನ್ನೇ ತಿದ್ದಿ ಹಳೆಯ ದಿನಾಂಕ ಹಾಕಿದ್ದಾರೆ. ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿದರೆ ಅಸಲಿ ಸಿಗುತ್ತದೆ. ಅಂದಹಾಗೆ, ಆ ಕಾಲದ ವಿಜ್ಞಾನಿಗಳು ನಿಜಕ್ಕೂ ಏನು ಹೇಳುತ್ತಿದ್ದರು ಅಂತ 2008ರಲ್ಲಿ ಮೂವರು ಕೂತು ಎಣಿಸಿದ್ದಾರೆ. 1965ರಿಂದ 1979ರವರೆಗಿನ ಸಂಶೋಧನಾ ಪೇಪರುಗಳಲ್ಲಿ ತಂಪಾಗುತ್ತದೆ ಅಂದವು 7, ಬಿಸಿಯಾಗುತ್ತದೆ ಅಂದವು 44.

3. ಯಾವ ಮೂಲಕ್ಕೆ ಎಷ್ಟು ತೂಕ

ಮೇಲೆ ಐಪಿಸಿಸಿ ಅಂದೆ. ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ 1988ರಲ್ಲಿ ಇದನ್ನು ಶುರು ಮಾಡಿದವು. ಐಪಿಸಿಸಿ ತಾನೇ ಸಂಶೋಧನೆ ಮಾಡುವುದಿಲ್ಲ. ಬೇರೆಯವರು ಮಾಡಿ ಪ್ರಕಟಿಸಿದ ಸಂಶೋಧನೆಗಳನ್ನು ಓದಿ, ಎಲ್ಲಿ ಒಮ್ಮತ ಇದೆ, ಎಲ್ಲಿ ಇಲ್ಲ, ಎಷ್ಟು ಗಟ್ಟಿ ಅಂತ ಬರೆಯುತ್ತದೆ. 2021ರ ಭೌತ ವಿಜ್ಞಾನದ ಸಂಪುಟವನ್ನು ಬರೆದವರು 234 ಜನ. ಅವರು ಉಲ್ಲೇಖಿಸಿದ ಸಂಶೋಧನೆಗಳು 14,000ಕ್ಕೂ ಹೆಚ್ಚು. ಕರಡಿನ ಮೇಲೆ ಬಂದ ಆಕ್ಷೇಪ, ಸಲಹೆಗಳು 78,000 ದಾಟಿವೆ. ಅದರ ಸಾರಾಂಶವನ್ನು ಸರಕಾರಗಳ ಪ್ರತಿನಿಧಿಗಳ ಮುಂದೆ ಸಾಲು ಸಾಲಾಗಿ ಓದಿ ಒಪ್ಪಿಗೆ ಪಡೆಯುತ್ತಾರೆ, ಆ ಕೋಣೆಯಲ್ಲಿ ತೈಲ ಮಾರುವ ದೇಶಗಳವರೂ ಇರುತ್ತಾರೆ. ಅಷ್ಟು ಜನ ಒಪ್ಪಿದ ವಾಕ್ಯದಲ್ಲಿ ಉತ್ಪ್ರೇಕ್ಷೆ ಉಳಿಯುವುದು ಕಷ್ಟ. ಹಾಗೆ ಸೋಸಿ ಬಂದ ಮೇಲೂ ಉಳಿದ ಮಾತು ಇದು: ಮನುಷ್ಯರಿಂದ ಭೂಮಿ ಬಿಸಿಯಾಗಿದೆ ಅನ್ನುವುದರಲ್ಲಿ ಸಂಶಯವಿಲ್ಲ.

ಇಡೀ ಸಂಪುಟ ತೆರೆದರೆ ಸುಸ್ತಾಗುತ್ತೀರಿ, ಅದು ಸಾವಿರಾರು ಪುಟ. ಸಾರಾಂಶ ಅಂತ ಒಂದು ಚಿಕ್ಕ ದಾಖಲೆ ಇರುತ್ತದೆ, ಸಾಮಾನ್ಯ ಓದುಗರಿಗೆ ಪ್ರಶ್ನೋತ್ತರ ಭಾಗ ಬೇರೆ ಇರುತ್ತದೆ. ಪ್ರಶ್ನೋತ್ತರದಿಂದ ಶುರು ಮಾಡಿ.

ಐಪಿಸಿಸಿ ತಪ್ಪೇ ಮಾಡಿಲ್ಲವಾ? ಮಾಡಿದೆ, ಅದೂ ನಮ್ಮ ಹಿಮಾಲಯದ ವಿಷಯದಲ್ಲೇ. 2007ರ ವರದಿಯ ಒಂದು ಸಂಪುಟದಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಬಹುದು ಅಂತ ಬಂತು. ಆ ಮಾತಿನ ಅಡಿಟಿಪ್ಪಣಿ ಹಿಡಿದು ಹೋದರೆ ಸಿಕ್ಕಿದ್ದು 2005ರ ಒಂದು ಸ್ವಯಂಸೇವಾ ಸಂಸ್ಥೆಯ ವರದಿ. ಅದರ ಹಿಂದೆ ಹೋದರೆ 1999ರ ಒಂದು ವಿಜ್ಞಾನ ವಾರಪತ್ರಿಕೆಯ ಸುದ್ದಿ. ಅದರ ಹಿಂದೆ ಪ್ರಕಟವಾದ ಸಂಶೋಧನೆ ಯಾವುದೂ ಇರಲಿಲ್ಲ. ಹಿಮನದಿ ತಜ್ಞರೇ ಹಿಡಿದು ಎಳೆದರು. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪು ಒಪ್ಪಿಕೊಂಡಿತು. ಅದೇ ವರದಿಯ ಭೌತ ವಿಜ್ಞಾನದ ಸಂಪುಟದಲ್ಲಿ ಈ 2035ರ ಮಾತು ಇರಲೇ ಇಲ್ಲ ಅನ್ನುವುದನ್ನೂ ಗಮನಿಸಿ. ದೊಡ್ಡ ಹೆಸರಿನ ವರದಿಯಲ್ಲೂ ಅಡಿಟಿಪ್ಪಣಿ ನೋಡಿ ಅಂತ ನಾನು ಹೇಳುವುದು ಇದಕ್ಕೇ. ಹಿಮನದಿಗಳು ಕರಗುತ್ತಿಲ್ಲ ಅಂತ ವಾದಿಸಲು ಈ ತಪ್ಪನ್ನು ಬಳಸುವವರು ಇದ್ದಾರೆ. ಅವು ಕರಗುತ್ತಿವೆ, ತಪ್ಪಿದ್ದು ವರ್ಷ.

ನಮ್ಮ ದೇಶದ ಪ್ರಶ್ನೆಗಳಿಗೆ ಇನ್ನೂ ಹತ್ತಿರದ ಮೂಲ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಭೂ ವಿಜ್ಞಾನ ಸಚಿವಾಲಯಕ್ಕಾಗಿ ಭಾರತದ್ದೇ ಆದ ಒಂದು ಮೌಲ್ಯಮಾಪನ ವರದಿ ತಂದಿದ್ದಾರೆ. ಉಚಿತವಾಗಿ ಸಿಗುತ್ತದೆ. 1901ರಿಂದ 2018ರವರೆಗೆ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ ಅಂತ ಅದರಲ್ಲಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ 6 ಕಡಿಮೆಯಾಗಿದೆ, ಅದು ಎದ್ದು ಕಾಣುವುದು ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮ ಘಟ್ಟದಲ್ಲಿ. ಅದೇ ವರದಿಯಲ್ಲಿ, ಹೆಚ್ಚು ಕಮ್ಮಿ ಅದೇ ಅವಧಿಗೆ, ಮಧ್ಯ ಭಾರತದಲ್ಲಿ ಒಂದೇ ದಿನ 150 ಮಿ.ಮೀ. ದಾಟುವ ಜಡಿಮಳೆ ಸುಮಾರು ಶೇ 75 ಹೆಚ್ಚಾಗಿದೆ ಅಂತಲೂ ಇದೆ. ‘ಮಳೆ ಜಾಸ್ತಿ ಆಗಿದೆ’ ಅನ್ನುವವರು, ‘ಮಳೆ ಕಮ್ಮಿ ಆಗಿದೆ’ ಅನ್ನುವವರು ಇಬ್ಬರೂ ಇದೇ ಪುಸ್ತಕದಿಂದ ಒಂದೊಂದು ಸಾಲು ಎತ್ತಿಕೊಂಡು ಜಗಳ ಆಡಬಹುದು. ಒಟ್ಟು ಮಳೆ ಬೇರೆ, ಸುರಿಯುವ ರೀತಿ ಬೇರೆ.

ಬರೀ ಅಳತೆ ಬೇಕಿದ್ದರೆ ಅಳೆಯುವವರ ಹತ್ತಿರವೇ ಹೋಗಿ. ದೇಶಕ್ಕೆ ಹವಾಮಾನ ಇಲಾಖೆ ಇದೆ. ರಾಜ್ಯದ ಮಳೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ, ಅದರ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಇಡೀ ಜಗತ್ತಿನ ತಾಪಮಾನವನ್ನು ಅಮೆರಿಕ, ಬ್ರಿಟನ್, ಯುರೋಪ್, ಜಪಾನ್‌ಗಳ ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತವೆ, ಗ್ರಾಫಿನಲ್ಲಿ ಅವುಗಳ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ರಿಚರ್ಡ್ ಮುಲ್ಲರ್ ಅನ್ನುವ ಅಮೆರಿಕದ ಭೌತ ವಿಜ್ಞಾನಿಗೆ ಈ ಲೆಕ್ಕಗಳ ಮೇಲೆ ಅನುಮಾನ ಇತ್ತು. ಅವರು ಬರ್ಕ್ಲಿ ಅರ್ಥ್ ಅಂತ ತಂಡ ಕಟ್ಟಿ ಎಲ್ಲವನ್ನೂ ಮೊದಲಿಂದ ಲೆಕ್ಕ ಮಾಡಿದರು. ತೈಲ ಉದ್ಯಮದ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಅದಕ್ಕೆ ದುಡ್ಡು ಕೊಟ್ಟಿತ್ತು. ಬಂದ ಉತ್ತರ ಹಳೆಯದೇ: ಭೂಮಿ ಬಿಸಿಯಾಗುತ್ತಿದೆ. 2012ರಲ್ಲಿ ಮುಲ್ಲರ್ ತಮ್ಮ ಅಭಿಪ್ರಾಯ ಬದಲಾಗಿದೆ ಅಂತ ಬಹಿರಂಗವಾಗಿ ಬರೆದರು. ಅನುಮಾನ ಇದ್ದವರು ಅಳೆದಾಗಲೂ ಅದೇ ಅಂಕಿ ಬಂದರೆ ಆ ಅಂಕಿಗೆ ನಾನು ಬಹಳ ತೂಕ ಕೊಡುತ್ತೇನೆ.

4. ‘ಒಂದು ಸಂಶೋಧನೆಯ ಪ್ರಕಾರ’ ಅಂದಾಗ

ಸಂಶೋಧನಾ ಪೇಪರ್ ಅಂದರೆ ವಿಜ್ಞಾನಿಗಳು ತಮ್ಮ ಕೆಲಸವನ್ನು ಜರ್ನಲ್‌ನಲ್ಲಿ, ಅಂದರೆ ವಿಜ್ಞಾನ ಪತ್ರಿಕೆಯಲ್ಲಿ, ಪ್ರಕಟಿಸುವ ಲೇಖನ. ಪ್ರಕಟಣೆಗೆ ಮೊದಲು ಅದೇ ಕ್ಷೇತ್ರದ ಬೇರೆ ತಜ್ಞರು ಓದಿ ತಪ್ಪು ಹುಡುಕುತ್ತಾರೆ, ಇದಕ್ಕೆ ಪೀರ್ ರಿವ್ಯೂ ಅಂತಾರೆ. ಆ ಪರೀಕ್ಷೆ ಆಗುವ ಮೊದಲೇ ಆನ್‌ಲೈನ್‌ಗೆ ಹಾಕಿದ ಕರಡಿಗೆ ಪ್ರಿಪ್ರಿಂಟ್ ಅಂತ ಹೆಸರು. ಪ್ರಿಪ್ರಿಂಟ್ ಆದ ಮಾತ್ರಕ್ಕೆ ಕೆಟ್ಟದ್ದಲ್ಲ, ಇನ್ನೂ ಬೆಂದಿಲ್ಲ ಅಷ್ಟೇ.

ಪೇಪರಿನ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ (ಸಂಶೋಧನಾ ಪೇಪರುಗಳನ್ನು ಹುಡುಕಲೆಂದೇ ಇರುವ ಗೂಗಲ್ ಪುಟ) ಹಾಕಿ ಮೂರು ವಿಷಯ ನೋಡಿ. ಜರ್ನಲ್ ಈ ವಿಷಯದ್ದೇನಾ? ಪೇಪರ್ ವಾಪಸ್ ತೆಗೆದುಕೊಂಡಿದ್ದಾರಾ? ಆಮೇಲೆ ಬಂದವರು ಅದನ್ನು ಒಪ್ಪಿದ್ದಾರಾ, ತಿದ್ದಿದ್ದಾರಾ?

ಯಾಕೆ ಅಂತ ಒಂದು ಉದಾಹರಣೆ. ಇಟಲಿಯ ನಾಲ್ವರು 2022ರ ಆರಂಭದಲ್ಲಿ ಒಂದು ಭೌತಶಾಸ್ತ್ರದ ಜರ್ನಲ್‌ನಲ್ಲಿ ಪೇಪರ್ ಪ್ರಕಟಿಸಿದರು. ವಿಪರೀತ ಹವಾಮಾನದ ದಾಖಲೆಗಳಲ್ಲಿ ಬಿಕ್ಕಟ್ಟು ಅನ್ನುವಂಥದ್ದು ಇನ್ನೂ ಕಾಣುತ್ತಿಲ್ಲ ಅಂತ ಅದರ ತಿರುಳು. ಪೀರ್ ರಿವ್ಯೂ ಆಗಿತ್ತು. ಟಿವಿಯಲ್ಲೂ ಬಂತು, ಲಕ್ಷಾಂತರ ಜನ ನೋಡಿದರು. ಆಮೇಲೆ ಹವಾಗುಣ ತಜ್ಞರು ಅಂಕಿಗಳನ್ನು ಆರಿಸಿದ ರೀತಿಯನ್ನೇ ಪ್ರಶ್ನಿಸಿದರು. 2023ರ ಆಗಸ್ಟ್‌ನಲ್ಲಿ ಜರ್ನಲ್ ಪೇಪರನ್ನು ವಾಪಸ್ ತೆಗೆದುಕೊಂಡಿತು. ಟಿವಿ ತುಣುಕುಗಳು ಮಾತ್ರ ಸುತ್ತುವುದು ನಿಂತಿಲ್ಲ. ಪೀರ್ ರಿವ್ಯೂ ಅನ್ನುವುದು ಬಾಗಿಲು ಅಷ್ಟೇ. ಒಳಗೆ ಬಂದ ಮೇಲೆ ನಿಂತುಕೊಂಡಿತಾ ಅನ್ನುವುದು ಗೊತ್ತಾಗಲು ವರ್ಷಗಳು ಹಿಡಿಯುತ್ತವೆ.

ದುಡ್ಡು ಕೊಟ್ಟರೆ ಏನನ್ನಾದರೂ ಪ್ರಕಟಿಸುವ ಜರ್ನಲ್‌ಗಳೂ ಇವೆ, ನಮ್ಮ ದೇಶದಲ್ಲಿ ಇದರ ಕಾಟ ಜಾಸ್ತಿ. ‘ಮೂರೇ ದಿನದಲ್ಲಿ ಪ್ರಕಟಣೆ’ ಅಂತ ಜಾಹೀರಾತು ಇದ್ದರೆ ಅಲ್ಲಿ ಪರೀಕ್ಷೆ ನಡೆದಿರಲು ಸಮಯವೇ ಇಲ್ಲ.

5. ಹೇಳುತ್ತಿರುವವರು ಯಾರು

‘ಡಾಕ್ಟರ್’ ಅಂತ ಹೆಸರಿನ ಮುಂದೆ ಇದ್ದರೆ ಸಾಲದು, ಯಾವುದರಲ್ಲಿ ಅಂತ ನೋಡಬೇಕು. ಮನುಷ್ಯರ ಹೊಗೆಯಿಂದ ಭೂಮಿ ಅಪಾಯದ ಮಟ್ಟಕ್ಕೆ ಬಿಸಿಯಾಗುತ್ತದೆ ಅನ್ನಲು ಪುರಾವೆ ಇಲ್ಲ ಅನ್ನುವ, 31,000ಕ್ಕೂ ಹೆಚ್ಚು ‘ವಿಜ್ಞಾನಿಗಳು’ ಸಹಿ ಹಾಕಿದ ಒರೆಗಾನ್ ಅರ್ಜಿ ಅಂತ ಒಂದು 1998ರಿಂದ ಓಡಾಡುತ್ತಿದೆ. ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯದಲ್ಲಿ ಒಂದು ಪದವಿ ಇದ್ದರೆ ಯಾರು ಬೇಕಾದರೂ ಸಹಿ ಹಾಕಬಹುದಿತ್ತು. ಹವಾಗುಣ ಶಾಸ್ತ್ರಜ್ಞರು ಎಷ್ಟು ಅಂತ ಅವರದೇ ಪಟ್ಟಿಯಲ್ಲಿ ನೋಡಿದರೆ 39. ಅರ್ಜಿಯ ಜೊತೆ ಕಳಿಸಿದ ಲೇಖನವನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಜರ್ನಲ್ ತರಹವೇ ಅಚ್ಚು ಮಾಡಿದ್ದರು, ಅಕಾಡೆಮಿ ‘ಇದಕ್ಕೂ ನಮಗೂ ಸಂಬಂಧ ಇಲ್ಲ’ ಅಂತ ಹೇಳಿಕೆ ಕೊಡಬೇಕಾಯಿತು.

ನೊಬೆಲ್ ಪಡೆದವರು ಹೇಳಿದರೂ ಇದೇ ಪ್ರಶ್ನೆ. ಭೌತಶಾಸ್ತ್ರದ ನೊಬೆಲ್ ಪಡೆದ ಐವರ್ ಗಿಯೆವರ್ ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುತ್ತಿದ್ದರು. ಅವರ ಬಹುಮಾನ ಬಂದಿದ್ದು 1973ರಲ್ಲಿ, ಎಲೆಕ್ಟ್ರಾನ್‌ಗಳ ಒಂದು ಗುಣದ ಬಗ್ಗೆ ಮಾಡಿದ ಕೆಲಸಕ್ಕೆ. ಅದೇ ಭೌತಶಾಸ್ತ್ರದ ನೊಬೆಲ್ 2021ರಲ್ಲಿ ಸುಕುರೊ ಮನಾಬೆ ಮತ್ತು ಕ್ಲಾಸ್ ಹ್ಯಾಸಲ್‌ಮನ್ ಅವರಿಗೂ ಬಂತು, ಅದು ಹವಾಗುಣದ ಮೇಲಿನ ಕೆಲಸಕ್ಕೇ. ಈ ವಿಷಯದಲ್ಲಿ ಯಾರ ಮಾತಿಗೆ ಮೊದಲು ಕಿವಿ ಕೊಡಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ದುಡ್ಡಿನ ಮೂಲವನ್ನೂ ನೋಡಿ, ಆದರೆ ಅದೊಂದರ ಮೇಲೇ ತೀರ್ಪು ಕೊಡಬೇಡಿ. ತೈಲ ಕಂಪನಿಯ ದುಡ್ಡಿನಲ್ಲೂ ಸರಿಯಾದ ವಿಜ್ಞಾನ ಆಗಿದೆ. ಎಕ್ಸಾನ್ ಕಂಪನಿಯ ಸ್ವಂತ ವಿಜ್ಞಾನಿಗಳು 1977ರಿಂದ 2003ರ ನಡುವೆ ಮಾಡಿದ ತಾಪಮಾನದ ಮುನ್ನೋಟಗಳಲ್ಲಿ ಹೆಚ್ಚಿನವು ಆಮೇಲೆ ನಿಜವಾದವು ಅಂತ 2023ರ ಒಂದು ಅಧ್ಯಯನ ತೋರಿಸಿದೆ. ಕಂಪನಿ ಹೊರಗೆ ಹೇಳಿದ್ದು ಬೇರೆ, ಒಳಗಿನ ಲೆಕ್ಕ ಸರಿಯಾಗಿಯೇ ಇತ್ತು.

6. ಅಂಕಿಯ ಜೊತೆಗಿನ ಸಣ್ಣ ಅಕ್ಷರ ಓದಿ

ನಿಜವಾದ ಅಂಕಿಯೇ ಮೋಸ ಮಾಡುವ ಜಾಗ ಇದು.

*ಯಾವುದಕ್ಕಿಂತ ಜಾಸ್ತಿ?* 2024ರಲ್ಲಿ ಜಗತ್ತು 1.55 ಡಿಗ್ರಿ ಹೆಚ್ಚು ಬಿಸಿ ಇತ್ತು ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಅದೇ ವರ್ಷ ಭಾರತ 0.65 ಡಿಗ್ರಿ ಹೆಚ್ಚು ಬಿಸಿ ಇತ್ತು ಅಂತ ನಮ್ಮ ಹವಾಮಾನ ಇಲಾಖೆ ಹೇಳಿತು. ‘ನೋಡಿ, ನಮ್ಮಲ್ಲಿ ಏನೂ ಆಗಿಲ್ಲ’ ಅಂತ ಒಬ್ಬರು, ‘ಸರಕಾರ ಮುಚ್ಚಿಡುತ್ತಿದೆ’ ಅಂತ ಇನ್ನೊಬ್ಬರು. ಎರಡೂ ತಪ್ಪು. ಮೊದಲನೆಯದನ್ನು 1850–1900ರ ಸರಾಸರಿಗೆ ಹೋಲಿಸಿದ್ದಾರೆ, ಎರಡನೆಯದನ್ನು 1991–2020ರ ಸರಾಸರಿಗೆ. ಹೋಲಿಸಲು ಇಟ್ಟುಕೊಂಡ ಈ ಕಾಲಕ್ಕೆ ಆಧಾರ ಅವಧಿ ಅಂತಾರೆ. 1991ರ ಹೊತ್ತಿಗೆ ಬಿಸಿ ಆಗಲೇ ಸಾಕಷ್ಟು ಏರಿತ್ತು, ಹಾಗಾಗಿ ಅಂಕಿ ಚಿಕ್ಕದು. ಆಧಾರ ಅವಧಿ ಹೇಳದೆ ಕೊಟ್ಟ ಡಿಗ್ರಿಗೆ ಅರ್ಥವೇ ಇಲ್ಲ.

*ಯಾವ ಉಪಕರಣ?* 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ಅಂತ ದೇಶವೆಲ್ಲ ಸುದ್ದಿ. ರಾಜಸ್ಥಾನದ ಫಲೋಡಿಯಲ್ಲಿ 2016ರಲ್ಲಿ ದಾಖಲಾದ 51 ಡಿಗ್ರಿಯನ್ನೂ ಮೀರಿಸಿದ ಅಂಕಿ. ಅದೇ ದಿನ ದೆಹಲಿಯ ಮುಖ್ಯ ಕೇಂದ್ರ ಸಫ್ದರ್‌ಜಂಗ್‌ನಲ್ಲಿ ಇದ್ದಿದ್ದು 46.8. ಒಂದೇ ಊರಿನಲ್ಲಿ ಆರು ಡಿಗ್ರಿ ವ್ಯತ್ಯಾಸ ಕಂಡಾಗಲೇ ಕಿವಿ ನೆಟ್ಟಗಾಗಬೇಕು. ಇಲಾಖೆ ತಂಡ ಕಳಿಸಿ, ಪಕ್ಕದಲ್ಲಿ ಸರಿಯಾದ ಉಪಕರಣ ಇಟ್ಟು ನೋಡಿತು. ಮುಂಗೇಶ್‌ಪುರದ ಸಂವೇದಕ ಸುಮಾರು 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ದಾಖಲೆ ಅಂತ ಕೇಳಿದ ತಕ್ಷಣ ಹಂಚದೆ ಒಂದೆರಡು ದಿನ ಕಾಯಿರಿ.

*ಯಾವುದರ ಬಿಸಿ?* 2022ರ ಏಪ್ರಿಲ್ ಕೊನೆಯಲ್ಲಿ ಯುರೋಪಿನ ಉಪಗ್ರಹ ಗುಜರಾತಿನ ಕೆಲವು ಕಡೆ 65 ಡಿಗ್ರಿ ತೋರಿಸಿತು. ಅದು ನೆಲದ ಮೇಲ್ಮೈಯ ಬಿಸಿ. ಹವಾಮಾನ ಸುದ್ದಿಯಲ್ಲಿ ಬರುವುದು ಗಾಳಿಯ ಬಿಸಿ, ನೆರಳಿನ ಪೆಟ್ಟಿಗೆಯೊಳಗೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಅಳೆದದ್ದು. ಫೋನಿನ ಆ್ಯಪ್‌ನಲ್ಲಿ ಬರುವ ‘ಅನಿಸುವ ಬಿಸಿ’ ಇನ್ನೂ ಬೇರೆ, ಅದು ತೇವಾಂಶ ಸೇರಿಸಿ ಮಾಡಿದ ಲೆಕ್ಕ.

*ಎಲ್ಲಿಂದ ಎಲ್ಲಿಗೆ?* ಗ್ರಾಫ್ ಶುರುವಾದ ವರ್ಷ ನೋಡಿ. ‘1998ರಿಂದ ಬಿಸಿ ಏರಿಲ್ಲ’ ಅಂತ ಬಹಳ ಕಾಲ ಓಡಿತು. 1998 ಭಾರಿ ಎಲ್ ನಿನೊ ವರ್ಷ. ಪೆಸಿಫಿಕ್ ಸಾಗರ ಕಾದು ಇಡೀ ಜಗತ್ತಿನ ತಾಪಮಾನ ತಾತ್ಕಾಲಿಕವಾಗಿ ಮೇಲೆ ಹೋಗುವುದಕ್ಕೆ ಆ ಹೆಸರು. ಆ ಶಿಖರದಿಂದ ಗೆರೆ ಎಳೆದರೆ ಮುಂದಿನದೆಲ್ಲ ಚಪ್ಪಟೆ ಕಾಣುತ್ತದೆ. 1996ರಿಂದ ಎಳೆದರೆ ಚಿತ್ರವೇ ಬೇರೆ. ಹವಾಗುಣಕ್ಕೆ 30 ವರ್ಷದ ಸರಾಸರಿ ನೋಡುವ ರೂಢಿ ಇರುವುದು ಇಂಥದ್ದಕ್ಕೇ.

7. ‘ಇದು ಹವಾಮಾನ ಬದಲಾವಣೆಯಿಂದಲೇ’ ಅಂದಾಗ

ಪ್ರತಿ ಪ್ರವಾಹ, ಪ್ರತಿ ಗುಡ್ಡ ಕುಸಿತದ ಮರುದಿನ ಬರುವ ಮಾತು ಇದು. ಒಂದು ಘಟನೆಯಲ್ಲಿ ತಾಪಮಾನ ಏರಿಕೆಯ ಪಾಲು ಎಷ್ಟು ಅಂತ ಲೆಕ್ಕ ಹಾಕುವ ವಿಜ್ಞಾನ ಈಗ ಇದೆ. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಅನ್ನುವ ತಂಡ ಆ ಕೆಲಸವನ್ನು ಘಟನೆಯಾದ ಕೆಲವೇ ವಾರಗಳಲ್ಲಿ ಮಾಡುತ್ತದೆ. ವಿಧಾನ ಪೀರ್ ರಿವ್ಯೂ ಆದದ್ದು, ಆದರೆ ಒಂದೊಂದು ಘಟನೆಯ ವರದಿ ಬೇಗ ಬರಬೇಕು ಅಂತ ಆ ಪರೀಕ್ಷೆಗೆ ಮೊದಲೇ ಹೊರಬೀಳುತ್ತದೆ.

2024ರ ಜುಲೈ 30ರ ವಯನಾಡು ಭೂಕುಸಿತವನ್ನೇ ನೋಡಿ. ತಂಡ ಹೇಳಿದ್ದು: ಆ ಒಂದು ದಿನದ ಮಳೆ ತಾಪಮಾನ ಏರಿಕೆಯಿಂದ ಸುಮಾರು ಶೇ 10ರಷ್ಟು ಜೋರಾಗಿತ್ತು. ಜಾಗ ಚಿಕ್ಕದು, ಗುಡ್ಡಗಾಡು, ಹಾಗಾಗಿ ಹವಾಗುಣದ ಕಂಪ್ಯೂಟರ್ ಮಾದರಿಗಳ ಲೆಕ್ಕದಲ್ಲಿ ಅನಿಶ್ಚಿತತೆ ದೊಡ್ಡದು ಅಂತಲೂ ಬರೆದಿದ್ದರು. ಕಾಡು ಕಡಿಮೆಯಾಗಿದ್ದು, ಕಲ್ಲು ಕ್ವಾರಿಗಳ ಪಾಲೂ ಇರಬಹುದು ಅಂದಿದ್ದರು. ಅಂದರೆ ಅವರು ತೂಗಿದ್ದು ಮಳೆಯನ್ನು. ‘ಹವಾಮಾನ ಬದಲಾವಣೆಯೇ ಗುಡ್ಡ ಉರುಳಿಸಿತು’ ಅನ್ನುವುದು ಆ ವರದಿಯಲ್ಲಿ ಇಲ್ಲ. ಕೊಡಗಿಗೂ ಶಿರೂರಿಗೂ ಈ ಓದು ಬೇಕಾಗುತ್ತದೆ, ಏಕೆಂದರೆ ಹೆದ್ದಾರಿಗೆ ಗುಡ್ಡ ಕಡಿದವರು ಆಕಾಶದ ಕಡೆ ಕೈ ತೋರಿಸಿ ಪಾರಾಗಲು ಈ ತಲೆಬರಹ ಬಹಳ ಅನುಕೂಲ.

ಗಡುವಿನ ಮಾತುಗಳೂ ಹೀಗೇ ಉಬ್ಬುತ್ತವೆ. ‘ಪ್ರಪಂಚ ಉಳಿಸಲು 12 ವರ್ಷ ಮಾತ್ರ’ ಅಂತ 2018ರಲ್ಲಿ ಹಬ್ಬಿತಲ್ಲ, ಅದರ ಮೂಲ ಐಪಿಸಿಸಿಯ ಒಂದು ವಿಶೇಷ ವರದಿ. ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಬೇಕಾದರೆ 2030ರೊಳಗೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2010ಕ್ಕಿಂತ ಸುಮಾರು ಶೇ 45 ಇಳಿಯಬೇಕು ಅಂತ ಅಲ್ಲಿತ್ತು. 2030ಕ್ಕೆ ಪ್ರಪಂಚ ಮುಗಿಯುತ್ತದೆ ಅಂತ ಇರಲಿಲ್ಲ. ನಮ್ಮ ಕಡೆಯವರು ಅಂತ ಉತ್ಪ್ರೇಕ್ಷೆಗೆ ರಿಯಾಯಿತಿ ಕೊಟ್ಟರೆ, ಗಡುವು ದಾಟಿದ ಮರುದಿನ ಆಡಿಕೊಳ್ಳುವವರ ಕೈಗೆ ನಾವೇ ಕೋಲು ಕೊಟ್ಟ ಹಾಗೆ.

8. ವಾಟ್ಸಾಪ್, ಯೂಟ್ಯೂಬ್, ಎಐ

ಇವು ಮೂಲಗಳಲ್ಲ, ದಾರಿಗಳು. ವಿಡಿಯೊ ಚೆನ್ನಾಗಿದ್ದರೆ ಕೆಳಗಿನ ವಿವರಣೆಯಲ್ಲಿ ಕೊಂಡಿಗಳು ಇರುತ್ತವೆ, ಒಂದನ್ನಾದರೂ ಒತ್ತಿ ನೋಡಿ. ಎಐ ಚಾಟ್‌ಬಾಟ್ ಕೇಳಿದರೆ ಉತ್ತರ ನಯವಾಗಿ ಬರುತ್ತದೆ, ಆದರೆ ಇಲ್ಲದ ಪೇಪರಿನ ಹೆಸರನ್ನೂ ಅಷ್ಟೇ ನಯವಾಗಿ ಹೇಳಿಬಿಡುತ್ತದೆ. ಅದು ಹೇಳಿದ ಪೇಪರ್ ಗೂಗಲ್ ಸ್ಕಾಲರ್‌ನಲ್ಲಿ ಸಿಗದಿದ್ದರೆ ಆ ಉತ್ತರವನ್ನು ಪಕ್ಕಕ್ಕಿಡಿ. ಹುಡುಕುವ ಪದ ಯಾವುದು, ಯಾವ ವರದಿಯಲ್ಲಿ ನೋಡಲಿ ಅಂತ ಕೇಳಲು ಮಾತ್ರ ನಾನು ಅದನ್ನು ಬಳಸುತ್ತೇನೆ.

ಮನೆಯ ಗುಂಪಿನಲ್ಲಿ ಚಿಕ್ಕಪ್ಪನೋ ಮಾವನೋ ಸುಳ್ಳು ಫಾರ್ವರ್ಡ್ ಹಾಕಿದಾಗ ಏನು ಮಾಡೋದು ಅಂತ ತುಂಬಾ ಜನ ಕೇಳಿದ್ದೀರಿ. ಎಲ್ಲರ ಮುಂದೆ ‘ಇದು ಫೇಕ್’ ಅಂತ ಹಾಕಬೇಡಿ, ಅಲ್ಲಿಗೆ ಮಾತು ಹವಾಮಾನ ಬಿಟ್ಟು ಮರ್ಯಾದೆ ಕಡೆ ತಿರುಗುತ್ತದೆ. ಅವರಿಗೊಬ್ಬರಿಗೇ ಮೆಸೇಜು ಮಾಡಿ, ‘ಇದು ಎಲ್ಲಿಂದ ಬಂತು ಮಾವ, ನಾನು ಹುಡುಕಿದಾಗ ಈ ಪುಟ ಸಿಕ್ತು’ ಅಂತ ಮೂಲದ ಕೊಂಡಿ ಕಳಿಸಿ. ಸಾಧ್ಯವಾದರೆ ಆ ಪುಟದ ಸಂಬಂಧಪಟ್ಟ ಸಾಲಿನ ಸ್ಕ್ರೀನ್‌ಶಾಟ್ ಕೂಡ ಹಾಕಿ, ಏಕೆಂದರೆ ಕೊಂಡಿ ಒತ್ತುವವರು ಕಮ್ಮಿ. ನಿಮಗೇ ಮೂಲ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ, ಮತ್ತು ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ.